ಆರನೆಯ ಪತ್ರದ ‘ಅದು’

“ಬರೆದೋನಿಗೆ ಇಂಗ್ಲಿಷ್ ಬರಲ್ಲ, ಓದೋರಿಗೆ ತಲೆ ಇಲ್ಲ. ಇಂಥವರನ್ನ ನಂಬ್ಕೊಂಡು ನಾನು ನನ್ನ ಕಂಬಗಳನ್ನ ಉಳಿಸ್ಕೋಬೇಕು!”

ವಿದ್ಯುತ್ ಕಂಪನಿಯ ಎಂಜಿನಿಯರ್ ಬೋಡ್ಸನ್ ಪತ್ರವನ್ನು ಮೇಜಿನ ಮೇಲೆ ಎಸೆದ. ಅದು ಜಾರಿಕೊಂಡು ಬಂದು ಲಿಯೋನಿ ಥಿಲ್‌ಳ ಕಾಫಿ ಕಪ್ಪಿಗೆ ತಾಗಿ ನಿಂತಿತು. ಲಿಯೋನಿ ಪತ್ರವನ್ನು ಒಣ ಜಾಗಕ್ಕೆ ಸರಿಸಿ, ಕನ್ನಡಕ ಹಾಕಿಕೊಂಡಳು. ಎಂಟು ತಿಂಗಳಿಂದ ಈ ಮನುಷ್ಯನ ಬಾಯಿಯನ್ನು ಸಹಿಸಿಕೊಂಡು ಬಂದವಳು, ಇವತ್ತು ಹೊಸದಾಗಿ ಕೋಪ ಮಾಡಿಕೊಳ್ಳುವುದರಲ್ಲಿ ಅರ್ಥವಿರಲಿಲ್ಲ.

ಎಂಟು ತಿಂಗಳು, ಏಳು ಸ್ಫೋಟ, ಆರು ಪತ್ರ. ಅಂಗೈಯಗಲದ ಲಕ್ಸೆಂಬರ್ಗಿನಲ್ಲಿ ಯಾವನೋ ಒಬ್ಬ ಆರಾಮವಾಗಿ ತಿರುಗಾಡುತ್ತ ವಿದ್ಯುತ್ ಕಂಬಗಳ ಕಾಲು ಮುರಿಯುತ್ತಿದ್ದ. ಸಂತೆಯಲ್ಲಿ ಸೀನಿದರೆ ಊರಿನ ಇನ್ನೊಂದು ತುದಿಗೆ ಸುದ್ದಿ ಮುಟ್ಟುವ ದೇಶ ಇದು. ಅವನ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

“ಜೋರಾಗಿ ಓದಿ, ಮದಾಮ್ ಥಿಲ್,” ಎಂದರು ಗಿಲ್ಲೆನ್. ತನಿಖೆಯ ಮುಖ್ಯಸ್ಥರು ಅವರು. ಸಿಟ್ಟು ಬಂದಷ್ಟೂ ದನಿ ತಗ್ಗಿಸುವ ಜಾತಿ. ಈಗ ಅವರ ದನಿ ಕಷ್ಟಪಟ್ಟು ಕೇಳಬೇಕಾದಷ್ಟು ತಗ್ಗಿತ್ತು.

ಲಿಯೋನಿ ಇಂಗ್ಲಿಷನ್ನು ಪದಕ್ಕೆ ಪದ ಊರಿನ ಮಾತಿಗೆ ತಿರುಗಿಸುತ್ತ ಓದಿದಳು. “ಹೋದ ಸಲ ಪೊಲೀಸರನ್ನು ಕಳಿಸಿದಿರಿ. ಹಾಗಾಗಿ ಕಂಬ ಬಿತ್ತು. ಇವತ್ತು ಮೂರು ಗಂಟೆಗೆ ಕ್ಲೌಸೆನ್ ಸೇತುವೆಯ ಕೆಳಗಿನ ಟೆಲಿಫೋನ್ ಬೂತಿಗೆ ಹಣದ ಚೀಲ ಬರಬೇಕು. ನಮ್ಮ ಪತ್ರ ಓದುವ ಅದು ಬರಬೇಕು. ಅದು ಎರಡೂವರೆಗೆ ಹೊರಡಬೇಕು, ತಡ ಮಾಡಬಾರದು. ಅದಕ್ಕೆ ಏನೂ ಆಗುವುದಿಲ್ಲ. ಪೊಲೀಸರು ಇರಬಾರದು. ಮೋಸ ಮಾಡಿದರೆ ಈ ಸಲ ಕಂಬವಲ್ಲ.”

“ನೋಡಿ, ನೋಡಿ,” ಎಂದ ಬೋಡ್ಸನ್. “ಪತ್ರ ಓದುವ ಅದು! ನಮ್ಮ ಹತ್ರ ಪತ್ರ ಓದೋ ಯಂತ್ರ ಇದೆ ಅಂದ್ಕೊಂಡಿದಾನೆ. ಚೀಲದ ಜೊತೆ ಆ ಯಂತ್ರಾನೂ ಕಳಿಸ್ಬೇಕಂತೆ.”

“ಚೀಲಕ್ಕೇ ‘ಅದು’ ಅಂದಿರಬಹುದು,” ಎಂದರು ಗಿಲ್ಲೆನ್. “ಚೀಲ ಬರಲಿ, ಅದು ಎರಡೂವರೆಗೆ ಹೊರಡಲಿ ಅಂತ.”

“ಚೀಲ ಪತ್ರ ಓದುತ್ತಾ, ಸ್ವಾಮಿ?”

ಲಿಯೋನಿ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಬೆರಳು ಆ ಪುಟ್ಟ ಇಂಗ್ಲಿಷ್ ಪದದ ಮೇಲೆ ನಿಂತುಬಿಟ್ಟಿತ್ತು. ‘ಇಟ್.’ ಮೂರು ಸಲ ಬರೆದಿದ್ದ, ಮೂರು ಸಲವೂ ಯಾವ ಅನುಮಾನವೂ ಇಲ್ಲದೆ ಬರೆದಿದ್ದ.

“ಯಂತ್ರ ಅಲ್ಲ, ಚೀಲಾನೂ ಅಲ್ಲ,” ಎಂದಳು. “ಇದು ನಾನು.”

ಲಕ್ಸೆಂಬರ್ಗಿನ ಆಡುಮಾತು ಹೆಣ್ಣಿನ ವಿಷಯದಲ್ಲಿ ತನ್ನದೇ ಲೆಕ್ಕ ಇಟ್ಟುಕೊಂಡಿದೆ. ‘ಮದಾಮ್’ ಅಂತ ಕರೆಸಿಕೊಳ್ಳುವ ಹೆಣ್ಣು ‘ಅವರು’. ಹೆಸರು ಹಿಡಿದು ಕರೆಯುವ ಹೆಣ್ಣು, ಅಂದರೆ ಅಕ್ಕ, ತಂಗಿ, ಹೆಂಡತಿ, ಮಗಳು, ಜೊತೆಯಲ್ಲಿ ಓದಿದವಳು, ಇವರೆಲ್ಲ ‘ಅದು’. ಅದು ಊಟ ಮಾಡ್ತಿದೆ, ಅದಕ್ಕೆ ಜ್ವರ, ಅದು ಇನ್ನೂ ಬಂದಿಲ್ಲ. ಬೈಗುಳವಲ್ಲ ಇದು, ಮನೆಯ ಸಲುಗೆ. ಇಂಗ್ಲಿಷ್ ಬರೆಯಲು ಕೂತ ಇಲ್ಲಿಯವನೊಬ್ಬ ಹೆಣ್ಣಿನ ವಿಷಯ ಬಂದಾಗ ಯೋಚಿಸದೆ ಆ ‘ಅದು’ವನ್ನೇ ಎತ್ತಿ ಇಡುತ್ತಾನೆ. ಜರ್ಮನ್ ಆಗಲಿ, ಫ್ರೆಂಚ್ ಆಗಲಿ, ಇಂಗ್ಲಿಷಿನವನೇ ಆಗಲಿ ಈ ತಪ್ಪು ಮಾಡುವುದಿಲ್ಲ.

ಗಿಲ್ಲೆನ್‌ರಿಗೆ ತಟ್ಟನೆ ಹೊಳೆಯಿತು. ಹುಟ್ಟಿದ್ದೇ ಈ ಮಾತಿನೊಳಗೆ. ಅವರು ನಿಧಾನವಾಗಿ ಕುರ್ಚಿಯಲ್ಲಿ ಕೂತರು.

“ನಮ್ಮೂರಿನವನೇ,” ಎಂದರು. “ಹೊರದೇಶದ ಕೈವಾಡ ಅಂತ ಎಂಟು ತಿಂಗಳು ಪೇಪರಿನವರು ಬರೆದಿದ್ದೇ ಬರೆದಿದ್ದು.”

“ಅಷ್ಟೇ ಅಲ್ಲ,” ಎಂದಳು ಲಿಯೋನಿ. “ನನ್ನನ್ನ ಮದಾಮ್ ಅಂತ ಕರೆಯೋನಾಗಿದ್ರೆ ಅವನ ತಲೆಯಲ್ಲಿ ‘ಅವರು’ ಬರ್ತಿತ್ತು. ಇವನು ನನ್ನನ್ನ ಹೆಸರು ಹಿಡಿದು ಕರೀತಾನೆ.”

ಕೆಳಗಿನ ಎರಡು ಮಹಡಿಗಳಲ್ಲಿ ಪಿಂಚಣಿ ಕಚೇರಿ. ಮಂಗಳವಾರವಾದ್ದರಿಂದ ಮೆಟ್ಟಿಲ ಮೇಲೆಲ್ಲ ಮುದುಕರ ಸಾಲು, ಕೆಮ್ಮು, ಗೊಣಗಾಟ. ಈ ಮೂರನೆಯ ಮಹಡಿಯ ಬಾಗಿಲಿಗೆ ‘ನಕ್ಷೆ ವಿಭಾಗ’ ಎಂಬ ಸುಳ್ಳು ಫಲಕ ಇತ್ತು. ಒಳಗೆ ಬಾಂಬಿನವನ ಪತ್ರ ಓದುವ ಹೆಂಗಸೊಬ್ಬಳಿದ್ದಾಳೆ ಎಂದು ತಿಳಿದವರು ಮೂರೇ ಜನ. ಮೂವರೂ ಈಗ ಒಂದೇ ಮೇಜಿನ ಸುತ್ತ ಕೂತಿದ್ದರು.

ಗಿಲ್ಲೆನ್ ಗಡಿಯಾರ ನೋಡಿದರು. ಎರಡು ಗಂಟೆ ಇಪ್ಪತ್ತು ನಿಮಿಷ.

“ಹೋಗ್ತೀರಾ?” ಎಂದು ಕೇಳಿದರು. “ಬಲವಂತ ಇಲ್ಲ.”

“ಹೋಗದೆ ಇದ್ರೆ?”

“ಈ ಸಲ ಕಂಬವಲ್ಲ ಅಂದಿದಾನೆ.”

“ಹೋಗ್ತೀನಿ.”

“ನಿಮಗೆ ಕಾರು ಓಡಿಸೋಕೆ ಬರಲ್ಲ. ಪೊಲೀಸರಲ್ಲದ ಡ್ರೈವರ್ ಬೇಕು. ನೋಡ್ಕೊಂಡು ಬರ್ತೀನಿ,” ಎಂದು ಗಿಲ್ಲೆನ್ ಎದ್ದರು. ಬಾಗಿಲಲ್ಲಿ ಒಮ್ಮೆ ನಿಂತು ಇಬ್ಬರನ್ನೂ ನೋಡಿ ಹೊರಟರು.

ಬಾಗಿಲು ಮುಚ್ಚಿತು. ಲಿಯೋನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಮೊದಲನೇ ದಿನದಿಂದ ನನ್ನನ್ನ ಲಿಯೋನಿ ಅಂತ ಕರೆದಿದ್ದು ನೀವೊಬ್ಬರೇ, ಹೇರ್ ಬೋಡ್ಸನ್.”

ಅವನು ಸಿಗರೇಟು ಹಚ್ಚುತ್ತಿದ್ದವನು ತಲೆ ಎತ್ತಿದ. “ಅದಕ್ಕೆ?”

“ಗಿಲ್ಲೆನ್ ಅವರು ಮದಾಮ್ ಅಂತಾರೆ. ಅವರ ಪತ್ರದಲ್ಲಿ ‘ಅದು’ ಬರಲ್ಲ. ನಾನಂತೂ ಬರೆದಿಲ್ಲ. ಉಳಿದೋರು ಯಾರು?”

“ಓಹೋ.” ಬೋಡ್ಸನ್ ಬೆಂಕಿಕಡ್ಡಿಯನ್ನು ಊದಿ ಆರಿಸಿದ. “ನನ್ನ ಕಂಬಗಳಿಗೆ ನಾನೇ ಬಾಂಬ್ ಇಟ್ಕೊಂಡೆ ಅಂತೀರಾ?”

“ಯಾವ ಕಂಬದ ಯಾವ ಕಾಲು ಕಡಿದರೆ ಅದು ಯಾವ ಕಡೆ ಬೀಳುತ್ತೆ ಅಂತ ನಿಮಗೆ ಗೊತ್ತು. ಪತ್ರ ಬರೋದು ನಿಮ್ಮ ಕಂಪನಿಗೆ. ಹೊತ್ಕೊಂಡು ಬರೋರು ನೀವು. ಯಾವಾಗ ಬಂತು, ಲಕೋಟೆ ಹೇಗಿತ್ತು ಅಂತ ನೀವು ಹೇಳಿದ್ದೇ ನಮಗೆ ಗತಿ. ಇಲ್ಲಿಗೆ ಬಂದಾಗಿಂದ ನಿಮ್ಮ ಬಾಯಲ್ಲಿ ಒಂದು ಒಳ್ಳೇ ಮಾತು ಕೇಳಿಲ್ಲ ನಾನು. ಕೆಲಸ ಕೆಡಿಸೋಕೆ ಅಂತಾನೇ ಬರ್ತೀರಿ.”

“ಒಳ್ಳೇ ಮಾತು ಬೇಕಾ?” ಬೋಡ್ಸನ್ ಎದ್ದು ನಿಂತ. ಮುಖ ಕೆಂಪಾಗಿತ್ತು. “ಹೋದ ವಾರ ಹಣ ಇಡೋ ಜಾಗದಲ್ಲಿ ನಿಮ್ಮ ಪೊಲೀಸಪ್ಪ ಕಾಡಿನೊಳಗೆ ವೇಷ ಹಾಕ್ಕೊಂಡು ಕೂತಿದ್ದ. ಮಾರನೇ ದಿನ ಕಂಬ ಬಿತ್ತು. ಲೈನ್ ಸರಿಮಾಡೋಕೆ ನಮ್ಮ ಲೈನ್‌ಮನ್ ಶಾರೆಲ್‌ನ ಪಕ್ಕದ ಕಂಬ ಹತ್ತಿಸಿದ್ದು ನಾನು. ಎರಡನೇ ಬಾಂಬು ಮೇಲೆ ಇತ್ತು. ಈಗ ಅವನ ಬಲಗೈ ಇಲ್ಲ. ಆಸ್ಪತ್ರೆಗೆ ಹೋಗಿ ಅವನ ಮುಖ ನೋಡಿದೋನು ನಾನು, ನೀವಲ್ಲ. ನೀವಿಲ್ಲಿ ಕಾಫಿ ಕುಡೀತಾ ವ್ಯಾಕರಣ ತಿದ್ದುತಾ ಕೂತಿದ್ರಿ!”

“ಕಿರುಚಬೇಡಿ.”

“ಕಿರುಚ್ತೀನಿ! ಮನೇಲಿ ದೀಪ ಒಂದು ಚೂರು ಮಿಣುಕಿದ್ರೆ ಸಾಕು, ನನ್ನ ಮಗಳು ಮಂಚದ ಕೆಳಗೆ ಹೋಗಿ ಬಚ್ಚಿಟ್ಕೋತಾರೆ. ಅಪ್ಪ, ಬಾಂಬು ಬಂತಾ ಅಂತ ಕೇಳ್ತಾರೆ. ಅವರಿಗಿನ್ನೂ ಮೂರು ವರ್ಷ!”

ಲಿಯೋನಿ ಅವನನ್ನೇ ನೋಡಿದಳು.

“ಯಾರಿಗೆ ಮೂರು ವರ್ಷ?”

“ನನ್ನ ಮಗಳಿಗೆ ಅಂದ್ನಲ್ಲ. ಅವರ ಹೆಸರು ಸೋಲಾಂಜ್. ಅವರು...” ಬೋಡ್ಸನ್ ಅರ್ಧಕ್ಕೆ ನಿಲ್ಲಿಸಿದ. ಅವಳ ಮುಖ ನೋಡಿ ಹುಬ್ಬು ಗಂಟಿಕ್ಕಿದ. “ನಗ್ತಿದೀರಾ?”

“ಇಲ್ಲ.”

“ನಗಿ, ಪರವಾಗಿಲ್ಲ. ನಮ್ಮತ್ತೆ ಮನೆಯವರೆಲ್ಲ ನಗ್ತಾರೆ. ಮೂರು ವರ್ಷದ ಮಗು ‘ಅವರು’, ಹೆಂಡತಿ ‘ಅವರು’, ಬೀದೀಲಿ ಸಿಗೋ ಹೆಣ್ಣು ನಾಯಿನೂ ‘ಅವರು’. ನಾನು ಬೆಳೆದಿದ್ದು ಗಡಿಯಾಚೆ ಲಿಯೇಜಿನಲ್ಲಿ, ಅಮ್ಮ ಆಡಿದ್ದು ಫ್ರೆಂಚು. ಇಪ್ಪತ್ತು ತುಂಬಿದ ಮೇಲೆ ಈ ದೇಶಕ್ಕೆ ಬಂದೋನು ನಾನು. ಹೆಂಗಸನ್ನ ಅದು-ಇದು ಅನ್ನೋಕೆ ನನ್ನ ನಾಲಿಗೆ ಹೊರಳಲ್ಲ. ಕೆಲಸದೋರೆಲ್ಲ ಹಿಂದಿನಿಂದ ನನ್ನನ್ನ ‘ಅವರಪ್ಪ’ ಅಂತಾರೆ, ಗೊತ್ತು ನನಗೆ.”

ಲಿಯೋನಿಗೆ ಮುಖದ ಮೇಲೆ ತಣ್ಣೀರು ಎರಚಿದಂತಾಯಿತು. ಎಂಟು ತಿಂಗಳು ಈ ಮನುಷ್ಯ ಅವಳೆದುರು ಕಂಬದ ಬಗ್ಗೆ, ತಂತಿಯ ಬಗ್ಗೆ, ಪೊಲೀಸರ ದಡ್ಡತನದ ಬಗ್ಗೆ ಮಾತಾಡಿದ್ದ. ಒಂದು ಹೆಣ್ಣಿನ ಬಗ್ಗೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಸಿಟ್ಟಿನ ಭರದಲ್ಲಿ ಸ್ವಂತ ಮಗುವಿಗೆ ‘ಅವರು’ ಅನ್ನುವವನು ಆ ಪತ್ರ ಬರೆಯಲಾರ. ಕೂಗುವಾಗ ತಾನೇ ಗಮನಿಸದ ಆ ತಪ್ಪು ನಟನೆಯೂ ಆಗಿರಲಾರದು.

“ನನ್ನದು ತಪ್ಪಾಯ್ತು,” ಎಂದಳು.

“ನಿಮ್ಮ ತಪ್ಪು ನೀವೇ ಇಟ್ಕೊಳ್ಳಿ, ನನಗೆ ಬೇಡ.” ಬೋಡ್ಸನ್ ಮೇಜಿನ ಮೇಲೆ ಎರಡೂ ಕೈ ಊರಿ ಬಾಗಿದ. “ನಾನಲ್ಲ, ಗಿಲ್ಲೆನ್ ಅಲ್ಲ. ಮೂರನೆಯವರು ನೀವು. ಯಾರಿಗೆ ಹೇಳಿದ್ರಿ?”

“ಯಾರಿಗೂ ಹೇಳಿಲ್ಲ. ಪ್ರಮಾಣ ಮಾಡಿದೀನಿ.”

“ಪ್ರಮಾಣ ನಾನೂ ಮಾಡಿದೀನಿ. ಮನೇಲಿ ಯಾರಿಗೆ ಹೇಳಿದ್ರಿ ಅಂತ ಕೇಳಿದೆ. ನಿಮ್ಮನ್ನ ‘ಅದು’ ಅನ್ನೋರು ಬೀದೀಲಿ ಇರ್ತಾರಾ? ಮನೇಲಿ ಇರ್ತಾರೆ.”

‘ಮನೇಲಿ’ ಎಂದದ್ದೇ ಅವಳಿಗೆ ನೆನಪಾಯಿತು.

ಮಾರ್ಚ್ ತಿಂಗಳ ಒಂದು ಭಾನುವಾರ. ಅಣ್ಣ ಮಿಲ್‌ನ ಅಡುಗೆಮನೆ, ಎಶ್ ಪಟ್ಟಣದಲ್ಲಿ. ಅತ್ತಿಗೆ ಹುರುಳಿಕಾಯಿ ಸೂಪು ಮಾಡಿ ಚರ್ಚಿಗೆ ಹೋಗಿದ್ದಳು. ಕಬ್ಬಿಣದ ಗಣಿ ಮುಚ್ಚಿದ ಮೇಲೆ ಮಿಲ್‌ಗೆ ರಸ್ತೆ ಬದಿಯ ಹುಲ್ಲು ಕತ್ತರಿಸುವ ಕೆಲಸ ಕೊಟ್ಟಿದ್ದರು. ಇಪ್ಪತ್ತೆರಡು ವರ್ಷ ನೆಲದಡಿಯಲ್ಲಿ ಬಂಡೆ ಸಿಡಿಸಿದವನಿಗೆ ಹುಲ್ಲು ಕತ್ತರಿಸುವ ಕೆಲಸ. ಅವತ್ತು ಅವನು ಮುಖ ಊದಿಸಿಕೊಂಡು ಕೂತಿದ್ದ. ಅಣ್ಣನನ್ನು ನಗಿಸಬೇಕೆಂದು ಅವಳಿಗೆ ಆಸೆಯಾಯಿತು. ಅದರ ಜೊತೆಗೆ, ಹೇಳಿಬಿಡೋಣ, ತನ್ನ ಹೆಚ್ಚುಗಾರಿಕೆ ತೋರಿಸುವ ಆಸೆಯೂ ಇತ್ತು.

“ಯಾರಿಗೂ ಹೇಳ್ಬೇಡ ಮಿಲ್, ಆ ಬಾಂಬಿನವನ ಪತ್ರ ಓದ್ತಿರೋದು ನಾನೇ ಕಣೋ,” ಅಂದಿದ್ದಳು. ಆಮೇಲೆ ಇಬ್ಬರೂ ಆ ಇಂಗ್ಲಿಷನ್ನು ಆಡಿಕೊಂಡು ನಕ್ಕಿದ್ದರು. “ನಮಗೆ ಹಣ ಬೇಕು ಅನ್ನೋಕೆ ‘ವಿಲ್’ ಅಂತ ಬರೀತಾನೆ ಪೆದ್ದ. ಇಂಗ್ಲಿಷಿನಲ್ಲಿ ‘ವಾಂಟ್’ ಅನ್ಬೇಕು. ನಮ್ಮ ಶಾಲೆ ಮಕ್ಕಳೂ ಹೀಗೇ ಬರೀತಾವೆ.”

ಮಿಲ್ ಚಮಚ ಕೆಳಗಿಟ್ಟು ಕೇಳಿದ್ದ. “ಇನ್ನೇನೇನು ತಪ್ಪಿತ್ತು?”

ಅವಳು ಒಂದೊಂದಾಗಿ ಹೇಳಿದ್ದಳು.

ಮೂರನೆಯ ಪತ್ರ ಏಪ್ರಿಲ್‌ನಲ್ಲಿ ಬಂತು. ಅದರಲ್ಲಿ ‘ವಿಲ್’ ಇರಲಿಲ್ಲ. “ಕಲೀತಿದಾನೆ ನನ್ನ ಮಗ,” ಎಂದು ಗಿಲ್ಲೆನ್ ಆಶ್ಚರ್ಯಪಟ್ಟಿದ್ದರು. ಯಾರ ಹತ್ತಿರ ಕಲಿಯುತ್ತಿದ್ದಾನೆ ಎಂದು ಯಾರೂ ಕೇಳಿರಲಿಲ್ಲ. ಪತ್ರದಲ್ಲಿ ಹೆಣ್ಣಿನ ಮಾತು ಬಂದದ್ದು ಇವತ್ತೇ ಮೊದಲು, ಹಾಗಾಗಿ ಈ ಒಂದು ತಪ್ಪನ್ನು ಅವಳು ಅವನಿಗೆ ತಿದ್ದಿಕೊಟ್ಟಿರಲಿಲ್ಲ.

“ಏನ್ರೀ, ಮುಖ ಸುಣ್ಣ ಆಯ್ತು?” ಎಂದ ಬೋಡ್ಸನ್.

ಬಾಗಿಲು ತೆರೆಯಿತು. ಗಿಲ್ಲೆನ್ ಒಳಗೆ ಬಂದರು. ಎಂಟು ತಿಂಗಳಲ್ಲಿ ಮೊದಲ ಸಲ ಅವರ ಮುಖದಲ್ಲಿ ಸ್ವಲ್ಪ ನೆಮ್ಮದಿ ಕಾಣುತ್ತಿತ್ತು.

“ಅದೃಷ್ಟ ಅಂದ್ರೆ ಇದು, ಮದಾಮ್ ಥಿಲ್. ಡ್ರೈವರ್ ಹುಡುಕೋಕೆ ಕೆಳಗೆ ಹೋದೆ, ನಿಮ್ಮಣ್ಣ ಎದುರಿಗೇ ಕಾರಿನಲ್ಲಿ ಕೂತಿದಾರೆ. ಹಿಂದೆ ಒಂದ್ಸಲ ನಿಮ್ಮನ್ನ ಬಿಡೋಕೆ ಬಂದಾಗ ನೋಡಿದ್ದೆ. ಈ ಕಡೆ ಏನೋ ಕೆಲಸ ಇತ್ತಂತೆ, ನಿಮ್ಮನ್ನ ಕರ್ಕೊಂಡು ಹೋಗೋಣ ಅಂತ ಕಾದಿದಾರೆ. ನಿಮ್ಮ ತಂಗೀನ ಒಂದು ಕಡೆ ಬಿಟ್ಟು ಬರ್ಬೇಕು ಅಂದೆ. ತಕ್ಷಣ ಒಪ್ಕೊಂಡ್ರು.”

“ಎಲ್ಲಿಗೆ ಅಂತ ಕೇಳಿದ್ನಾ?” ಲಿಯೋನಿಯ ದನಿ ಅವಳಿಗೇ ಬೇರೆಯವರ ದನಿಯಂತೆ ಕೇಳಿಸಿತು.

“ಇಲ್ಲ, ಏನೂ ಕೇಳಲಿಲ್ಲ. ಬೇಗ ಕಳಿಸಿ ಅಂದ್ರು ಅಷ್ಟೇ.”

ಗಿಲ್ಲೆನ್ ಒಂದು ಹಾಳೆ ಮುಂದಿಟ್ಟರು. “ಕಾಟಾಚಾರ. ಪತ್ರಗಳ ವಿಷಯ ಹೊರಗಿನ ಯಾರಿಗೂ ಹೇಳಿಲ್ಲ ಅಂತ ಒಂದು ಸಹಿ. ನೀವು ಹೊರಡೋ ಮೊದಲು ನನ್ನ ಹತ್ರ ಇರಬೇಕು.”

ಲಿಯೋನಿ ಪೆನ್ನು ಕೈಗೆತ್ತಿಕೊಂಡಳು. ಸಹಿ ಮಾಡಿದರೆ ಮುಗಿಯಿತು. ಕಾರಿನಲ್ಲಿ ಕೂತು ಅಣ್ಣನನ್ನು ತಾನೇ ಕೇಳಬಹುದು, ಬೈಯಬಹುದು, ಅತ್ತು ಕರೆದು ಗಡಿ ದಾಟಿಸಬಹುದು. ಅಪ್ಪ ಸತ್ತ ಮೇಲೆ ಅವಳನ್ನು ಓದಿಸಿದ್ದು ಅವನೇ. ಹದಿನಾರನೆಯ ವಯಸ್ಸಿಗೆ ಗಣಿಗೆ ಇಳಿದದ್ದೂ ಅವಳಿಗಾಗಿ. ಅವನನ್ನು ಹಿಡಿದುಕೊಡುವ ಕೈ ಅವಳದಾಗಬೇಕೇ?

ಎದುರಿಗೆ ಬೋಡ್ಸನ್ ನಿಂತಿದ್ದ. ಅವಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವಳಿಗೆ ಅವನ ಮೇಲೆ ಆವತ್ತಿನಷ್ಟು ದ್ವೇಷ ಹಿಂದೆಂದೂ ಬಂದಿರಲಿಲ್ಲ, ಏಕೆಂದರೆ ಅವನನ್ನು ನೋಡಿದರೆ ಶಾರೆಲ್‌ನ ಕೈ ನೆನಪಾಗುತ್ತಿತ್ತು.

ಅವಳು ಪೆನ್ನು ಕೆಳಗಿಟ್ಟಳು.

“ಹೇಳಿದೀನಿ, ಹೇರ್ ಗಿಲ್ಲೆನ್. ಮಾರ್ಚ್‌ನಲ್ಲಿ. ನಮ್ಮಣ್ಣನಿಗೆ.”

ಗಿಲ್ಲೆನ್ ಅವಳನ್ನು ಒಂದು ಕ್ಷಣ ದಿಟ್ಟಿಸಿದರು. ಅವರ ಬಾಯಿಂದ ಬಂದ ಮಾತು ಅವಳಿಗೆ ಕೇಳಿಸಲೇ ಇಲ್ಲ, ಅಷ್ಟು ತಗ್ಗಿತ್ತು. ಮರುಕ್ಷಣ ಅವರು ಮೆಟ್ಟಿಲ ಕಡೆ ಓಡುತ್ತಿದ್ದರು.

ಲಿಯೋನಿ ಕಿಟಕಿ ತೆರೆದಳು. ನವೆಂಬರಿನ ಹಸಿ ಗಾಳಿ ಒಳಗೆ ನುಗ್ಗಿತು. ಕಿರಿದಾದ ಬೀದಿ, ಎದುರಿಗೆ ಮಿಲ್‌ನ ಹಳೆಯ ನೀಲಿ ಕಾರು. ಮಿಲ್ ಕಾರಿಗೆ ಒರಗಿ ನಿಂತು ಮತ್ತೆ ಮತ್ತೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಪಿಂಚಣಿ ಕಚೇರಿಯ ಬಾಗಿಲು ಕಾಯುತ್ತಿದ್ದ ಇಬ್ಬರು ಪೊಲೀಸರು ಅವನ ಕಡೆ ನಡೆದರು. ಹಿಂದೆಯೇ ಗಿಲ್ಲೆನ್.

ಮಿಲ್ ಅವರನ್ನು ಕಂಡ. ಓಡಲು ಬೇಕಾದಷ್ಟು ದಾರಿ ಇತ್ತು, ಕಾರಿನ ಬಾಗಿಲೂ ತೆರೆದೇ ಇತ್ತು. ಅವನು ತಲೆ ಎತ್ತಿ ಮೂರನೆಯ ಮಹಡಿಯ ಕಿಟಕಿ ನೋಡಿದ. ಅಲ್ಲಿ ತಂಗಿ ಇನ್ನೂ ನಿಂತಿರುವುದು ಕಂಡು ಅವನ ಮುಖ ವಿಕಾರವಾಯಿತು. ಅವನು ಓಡಿದ್ದು ಕಟ್ಟಡದ ಕಡೆಗೆ.

ಪೊಲೀಸರು ಮೆಟ್ಟಿಲ ಬುಡದಲ್ಲೇ ಹಿಡಿದು ಕೈ ಹಿಂದಕ್ಕೆ ತಿರುಚಿದರು. ಮಿಲ್ ಒದ್ದಾಡುತ್ತ ಕೂಗಿದ. “ಅದನ್ನ ಕೆಳಗೆ ಕರ್ಕೊಂಡ್ ಬನ್ನಿ! ನನ್ನನ್ನ ಕಟ್ಟಿಹಾಕಿ, ಏನ್ ಬೇಕಾದ್ರೂ ಮಾಡಿ! ಅದನ್ನ ಮೊದಲು ಹೊರಗೆ ಕರ್ಕೊಂಡ್ ಬನ್ನಿ!”

ಲಿಯೋನಿಗೆ ಪತ್ರದ ಸಾಲುಗಳು ನೆನಪಾದವು. ಎರಡೂವರೆಗೆ ಹೊರಡಬೇಕು, ತಡ ಮಾಡಬಾರದು, ಅದಕ್ಕೆ ಏನೂ ಆಗುವುದಿಲ್ಲ. ಚೀಲ ನೆಪ, ಕ್ಲೌಸೆನ್ ನೆಪ. ಮೂರು ಗಂಟೆಗೆ ಅವಳು ಈ ಕಟ್ಟಡದಲ್ಲಿ ಇರಕೂಡದೆಂದು ಅಣ್ಣ ಆ ಪತ್ರ ಬರೆದಿದ್ದ.

“ಈ ಸಲ ಕಂಬವಲ್ಲ,” ಎಂದ ಬೋಡ್ಸನ್, ಅವಳ ಬೆನ್ನ ಹಿಂದೆ. ಅವನಿಗೂ ಅರ್ಥವಾಗಿತ್ತು. “ಕೆಳಗೆ ಇನ್ನೂರು ಜನ ಇದಾರೆ. ಕೋಲು ಹಿಡ್ಕೊಂಡಿರೋ ಮುದುಕರು. ಏಳಿ, ನಡೀರಿ!”

“ನೀವು ಹೋಗಿ, ಅವರನ್ನ ಇಳಿಸಿ.”

“ನೀವು?”

ಲಿಯೋನಿ ಕುರ್ಚಿಯೊಂದನ್ನು ಎಳೆದು ಕಿಟಕಿಗೆ ಆನಿಸಿ ಕೂತಳು. ಬೋಡ್ಸನ್ ಅವಳ ತೋಳು ಹಿಡಿದ, ಅವಳು ಕೊಡವಿಕೊಂಡಳು. ಅವನು ಫ್ರೆಂಚಿನಲ್ಲಿ ಏನೋ ಬೈದು, ಮೆಟ್ಟಿಲಲ್ಲಿ “ಎಲ್ಲರೂ ಹೊರಗೆ” ಎಂದು ಅರಚುತ್ತ ಇಳಿದುಹೋದ.

“ಮಿಲ್!” ಲಿಯೋನಿ ಕಿಟಕಿಯಿಂದ ಬಾಗಿ ಕೂಗಿದಳು. ಬೀದಿಯಲ್ಲಿದ್ದವರೆಲ್ಲ ತಲೆ ಎತ್ತಿದರು. “ಎಲ್ಲಿಟ್ಟಿದೀಯ?”

“ಕೆಳಗೆ ಬಾ ಲೇನಿ!”

“ಎಲ್ಲಿಟ್ಟಿದೀಯ ಅಂತ ಹೇಳು! ಹೇಳೋವರೆಗೂ ನಾನು ಈ ಕುರ್ಚಿಯಿಂದ ಏಳಲ್ಲ. ನನ್ನೊಬ್ಬಳನ್ನ ಉಳಿಸ್ತೀನಿ ಅಂದ್ಕೊಂಡ್ಯಾ? ಉಳಿಸು, ನೋಡೋಣ!”

ಚರ್ಚಿನ ಗಡಿಯಾರದಲ್ಲಿ ಮೂರಕ್ಕೆ ಎಂಟು ನಿಮಿಷ ಇತ್ತು. ಬಾಗಿಲಲ್ಲಿ ಮುದುಕರು ಒಬ್ಬರ ಮೇಲೊಬ್ಬರು ಬೀಳುತ್ತ ಹೊರಬರತೊಡಗಿದರು. ಯಾರದೋ ಊರುಗೋಲು ಮೆಟ್ಟಿಲಿನಿಂದ ಉರುಳಿ ಬೀದಿಗೆ ಬಂತು. ಗಿಲ್ಲೆನ್ ಮಿಲ್‌ನ ಕೊರಳಪಟ್ಟಿ ಹಿಡಿದು, “ಹೇಳೋ, ಎಲ್ಲಿ?” ಎಂದರು. ಅವರು ದನಿ ಏರಿಸಿದ್ದನ್ನು ಲಿಯೋನಿ ಅವತ್ತೇ ಮೊದಲು ಕೇಳಿದ್ದು.

ಮಿಲ್ ಒದ್ದಾಡುವುದನ್ನು ನಿಲ್ಲಿಸಿದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ.

“ನಂಗೊತ್ತಿಲ್ಲ ಕಣೇ,” ಎಂದು ಮೇಲಕ್ಕೆ ಕೂಗಿದ. “ದೇವರಾಣೆ ಗೊತ್ತಿಲ್ಲ. ಮೂರು ಗಂಟೆಗೆ, ಈ ಕಟ್ಟಡದಲ್ಲಿ ಅಂತ ಅಷ್ಟೇ ಹೇಳಿದ್ರು. ನಾನು ಬರೀ ಪತ್ರ ಬರೆದೋನು. ಇಟ್ಟೋನು ನಾನಲ್ಲ.”